ಶನಿವಾರದ ಸಿನಿಮಾಕ್ಕೆ ಉಪ್ಪಿನಕಾಯಿ ಜೊತೆಗಿರಲಿ

ಮುಂಬೈ ಆಂಟಾಪ್ ಹಿಲ್‌ನ ಸೋದರಿಗೆ,

ಶಿವಮೊಗ್ಗ ಕಡೆಯ ಅತ್ತೆಯವರಿಗೆ ಕನ್ನಡ ಸಿನಿಮಾವೇ ಬೇಕು. ಹಿಂದಿ, ಮರಾಠಿಯಲ್ಲಿ ಬೆಳೆದ ಮಕ್ಕಳು ಮೊಬೈಲ್ ಹಿಡಿದು ಮೂಲೆ ಸೇರುತ್ತಾರೆ ಎಂದಿದ್ದೀರಿ. ಶನಿವಾರ ರಾತ್ರಿ ಎಲ್ಲರೂ ಕೂತು ನೋಡಬೇಕೆಂದರೆ ಮೊದಲ ವಾರವೇ ಉದ್ದದ ಸಿನಿಮಾ ಹಾಕಬೇಡಿ. ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿ ಹಿಂದಿಯಲ್ಲೇ ಇದೆ. ಒಂದೆರಡು ಕಂತು ಸಾಕು. ಮಕ್ಕಳಿಗೆ ಭಾಷೆ ತೊಡಕಾಗದು, ಅಜ್ಜಿಗೆ ಮಲೆನಾಡು ನೋಡಲು ಸಿಗುತ್ತದೆ.

ಮುಂದಿನ ವಾರ ‘ಊಟದ ರಾತ್ರಿ’: 1974ರ ‘ಭೂತಯ್ಯನ ಮಗ ಅಯ್ಯು’. ಅದರಲ್ಲಿ ನಟ ಲೋಕನಾಥ್ ಉಪ್ಪಿನಕಾಯಿ ಚಪ್ಪರಿಸುವ ಹೊತ್ತಿಗೆ ಮಕ್ಕಳ ತಟ್ಟೆಯಲ್ಲೂ ಮೊಸರನ್ನ, ಮಾವಿನಮಿಡಿ ಇರಲಿ. ಮೂರನೆಯದು ‘ಕಾಡಿನ ರಾತ್ರಿ’: 1973ರ ‘ಗಂಧದ ಗುಡಿ’. ಕಥೆಯನ್ನು ಅಜ್ಜಿಯೇ ಮೊದಲು ಹೇಳಿಬಿಡಲಿ.

ನಾಲ್ಕನೇ ವಾರದ ಆಯ್ಕೆ ಮಕ್ಕಳದ್ದು. ಆಗ ಅತ್ತೆಯವರೂ ತಕರಾರಿಲ್ಲದೆ ಕೂರಬೇಕು. ಪಕ್ಕದ ಮನೆಯವರ ನಿದ್ದೆ ಕೆಡದಂತೆ ಹತ್ತರೊಳಗೆ ಮುಗಿಸಿ.