ಮಗನಿಗೆ ಖಿನ್ನತೆ: ಮನೆಮಂದಿಗೂ ಪಾಠ

ಹದಿಹರೆಯದ ಮಗ ಎರಡು ವಾರದಿಂದ ಕೋಣೆ ಬಿಟ್ಟು ಬರುತ್ತಿಲ್ಲ, ಊಟ–ನಿದ್ದೆ ಕೆಟ್ಟಿದೆ ಎಂದರೆ ‘ಸೋಮಾರಿ’ ಎಂದು ಗದರಬೇಡಿ. ಅದು ಖಿನ್ನತೆಯಿರಬಹುದು. ನಡುವೆ ನಿದ್ದೆಯೇ ಬೇಡವೆನ್ನುವ ಅತಿ ಉತ್ಸಾಹದ ದಿನಗಳಿದ್ದರೆ ವೈದ್ಯರಿಗೆ ಅದನ್ನೂ ಹೇಳಿ, ಔಷಧವೇ ಬೇರೆಯಾದೀತು.

ಹಗಲು ಆಸ್ಪತ್ರೆ, ರಾತ್ರಿ ಮನೆ ಎಂಬ ಚಿಕಿತ್ಸಾ ಪದ್ಧತಿಯಲ್ಲಿ ತಂದೆ–ತಾಯಿಯೂ ಜೊತೆಗೆ ಕುಳಿತು ಕಲಿಯುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬ ಚಿಕಿತ್ಸೆಗೆಂದೇ ಕೇಂದ್ರವಿದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದವರಿಗೆ ಧಾರವಾಡದ ಡಿಮ್ಹಾನ್ಸ್ ಅದಕ್ಕಿಂತ ಹತ್ತಿರ. ಆದರೂ ದಿನವೂ ಹೋಗಿಬರುವ ದಾರಿಯಲ್ಲ. ಹಾಗಾಗಿ ವೈದ್ಯರಿಂದ ಕಲಿತದ್ದು ಮನೆಯಲ್ಲೇ ನಡೆಯಬೇಕು: ಹೊತ್ತಿಗೆ ಏಳಿಸುವುದು, ಒಟ್ಟಿಗೆ ಊಟ, ತಪ್ಪದ ಮಾತ್ರೆ, ಚುಚ್ಚುಮಾತಿಗೆ ರಜೆ.

‘ಸಾಯುತ್ತೇನೆ’ ಎಂದರೆ ಬರೀ ಬೆದರಿಕೆ ಎನ್ನಬೇಡಿ. ಒಂಟಿಯಾಗಿ ಬಿಡಬೇಡಿ. ತೋಟಕ್ಕೆ ತಂದ ಕೀಟನಾಶಕ, ಕಳೆನಾಶಕ ಬೀಗದೊಳಗಿರಲಿ. 2022ರಲ್ಲಿ ಆರಂಭವಾದ ಸರ್ಕಾರದ ಉಚಿತ ಸಹಾಯವಾಣಿ ‘ಟೆಲಿ ಮಾನಸ್’ 14416ಕ್ಕೆ ಹಗಲು–ರಾತ್ರಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು.