ಕಾರಿನ ಮುಂದೀಪ ಮತ್ತು ಎದುರಿನವರ ಕಣ್ಣು

ರಾತ್ರಿಯ ವೇಳೆ ಹೆದ್ದಾರಿಯಲ್ಲಿ ಪ್ರಯಾಣ ಮಾಡಿದವರಿಗೆಲ್ಲ ಪರಿಚಿತವಾದ ಒಂದು ಅನುಭವದಿಂದ ಈ ಪಾಠವನ್ನು ಆರಂಭಿಸೋಣ. ತಿರುವಿನಲ್ಲಿ ಎದುರಿನಿಂದ ವಾಹನವೊಂದು ಬರುತ್ತದೆ. ಅದರ ದೀಪಗಳ ಬೆಳಕು ನೇರವಾಗಿ ಕಣ್ಣಿಗೆ ಬಡಿಯುತ್ತದೆ. ರಸ್ತೆಯ ಅಂಚು, ಮೈಲಿಗಲ್ಲು, ಸಾಲುಮರಗಳು ಎಲ್ಲವೂ ಒಮ್ಮೆಲೇ ಮಾಯವಾಗುತ್ತವೆ. ವಾಹನ ದಾಟಿಹೋದ ಮೇಲೂ ಕೆಲವು ಕ್ಷಣ ಏನೂ ಕಾಣುವುದಿಲ್ಲ. ಮಂಡ್ಯದ ಕಡೆ ಕಬ್ಬು ಕಡಿಯುವ ಕಾಲದಲ್ಲಿ, ಹಿಂದೀಪವಿಲ್ಲದ ಎತ್ತಿನ ಗಾಡಿಯೊಂದು ಅದೇ ಕ್ಷಣದಲ್ಲಿ ನಮ್ಮ ಮುಂದೆಯೇ ಸಾಗುತ್ತಿರಬಹುದು. ಅದನ್ನು ಕಾಣದೆ ಹೋದರೆ ಆಗುವ ಅನರ್ಥವನ್ನು ವಿವರಿಸಬೇಕಾಗಿಲ್ಲ.

ಹೀಗೆ ಕಣ್ಣು ಕುಕ್ಕಿಸಿಕೊಂಡ ಚಾಲಕನು ಮರುದಿನವೇ ಅಂಗಡಿಗೆ ಹೋಗಿ ತನ್ನ ಕಾರಿಗೂ ಹೆಚ್ಚು ಪ್ರಖರವಾದ ಬಲ್ಬುಗಳನ್ನು ಹಾಕಿಸಿಕೊಳ್ಳುವುದುಂಟು. ಹಾಗೆ ಮಾಡಿದರೆ ಅವನಿಗೆ ಎಷ್ಟು ಹೆಚ್ಚು ಕಾಣುತ್ತದೆ? ಎದುರಿನವರಿಗೆ ಎಷ್ಟು ಕಡಿಮೆ ಕಾಣುತ್ತದೆ? ಈ ಎರಡು ಪ್ರಶ್ನೆಗಳಿಗೂ ಉತ್ತರವನ್ನು ಬಹುಮಟ್ಟಿಗೆ ಪ್ರೌಢಶಾಲೆಯ ಭೌತವಿಜ್ಞಾನದಿಂದಲೇ ಪಡೆಯಬಹುದು.

ಕಣ್ಣಿನೊಳಗೆ ನಡೆಯುವುದೇನು?

ನಮ್ಮ ಅಕ್ಷಿಪಟದಲ್ಲಿ ಎರಡು ಬಗೆಯ ಗ್ರಾಹಕ ಕೋಶಗಳಿವೆ. ಶಂಕುಕೋಶಗಳು ಹಗಲಿನ ಬೆಳಕಿನಲ್ಲಿ, ದಂಡಕೋಶಗಳು ಮಂದ ಬೆಳಕಿನಲ್ಲಿ ಕೆಲಸ ಮಾಡುತ್ತವೆ. ಬೆಳಕಿನಿಂದ ಕತ್ತಲೆಗೆ ಬಂದಾಗ ದಂಡಕೋಶಗಳಲ್ಲಿರುವ ರೊಡಾಪ್ಸಿನ್ ಎಂಬ ವರ್ಣದ್ರವ್ಯ ಮತ್ತೆ ತುಂಬಿಕೊಳ್ಳಲು ಸುಮಾರು ಅರ್ಧ ಗಂಟೆ ಹಿಡಿಯುತ್ತದೆ. ಪ್ರಖರವಾದ ಬೆಳಕು ಬಿದ್ದೊಡನೆ ಈ ಸಂಚಯದಲ್ಲಿ ಒಂದಂಶ ನಷ್ಟವಾಗುತ್ತದೆ, ಪಾಪೆಯೂ ಕಿರಿದಾಗುತ್ತದೆ. ಪಾಪೆ ಕಿರಿದಾಗುವುದು ಬೇಗ, ಹಿಗ್ಗುವುದು ನಿಧಾನ. ದೀಪ ದಾಟಿಹೋದ ಮೇಲೂ ಕತ್ತಲೆ ಉಳಿಯುವುದು ಇದರಿಂದಲೇ. ಗಂಟೆಗೆ 60 ಕಿ.ಮೀ. ವೇಗದ ಕಾರು ಸೆಕೆಂಡಿಗೆ ಸುಮಾರು 17 ಮೀಟರು ಸಾಗುತ್ತದೆ. ಚೇತರಿಕೆಗೆ 5 ಸೆಕೆಂಡು ಬೇಕಾಯಿತೆಂದು ಇಟ್ಟುಕೊಂಡರೆ, 80 ಮೀಟರಿಗೂ ಮಿಕ್ಕಿದ ದೂರವನ್ನು ಚಾಲಕನು ಬಹುಪಾಲು ಕುರುಡನಾಗಿಯೇ ಕ್ರಮಿಸಿರುತ್ತಾನೆ.

ಇನ್ನೊಂದು ಕಾರಣವೂ ಉಂಟು. ಕಣ್ಣಿನ ಮಸೂರ ಮೊದಲಾದ ಭಾಗಗಳು ಸಂಪೂರ್ಣ ಪಾರದರ್ಶಕವಲ್ಲ. ಒಳಬಂದ ಬೆಳಕಿನಲ್ಲಿ ಸ್ವಲ್ಪ ಭಾಗ ಚದುರಿ ಅಕ್ಷಿಪಟದ ಮೇಲೆಲ್ಲ ತೆಳುವಾದ ಮುಸುಕಿನಂತೆ ಹರಡುತ್ತದೆ. ಮಸುಕಾಗಿ ಕಾಣಬೇಕಾದ ಪಾದಚಾರಿ ಈ ಮುಸುಕಿನಲ್ಲಿ ಮುಳುಗಿಹೋಗುತ್ತಾನೆ. ನಾವು ನೋಡುತ್ತಿರುವ ದಿಕ್ಕಿಗೂ ದೀಪದ ದಿಕ್ಕಿಗೂ ನಡುವಣ ಕೋನ ಅರ್ಧಕ್ಕೆ ಇಳಿದರೆ ಮುಸುಕಿನ ದೀಪ್ತಿ ಸುಮಾರು ನಾಲ್ಕರಷ್ಟಾಗುತ್ತದೆ. ಎದುರಿನ ದೀಪವನ್ನು ದಿಟ್ಟಿಸದೆ ರಸ್ತೆಯ ಎಡ ಅಂಚನ್ನು ನೋಡಬೇಕೆಂದು ಅನುಭವಸ್ಥ ಚಾಲಕರು ಹೇಳುವ ಮಾತಿನಲ್ಲಿ ಈ ನಿಯಮವೇ ಅಡಗಿದೆ. ವಯಸ್ಸಾದಂತೆ ಈ ಚದುರುವಿಕೆ ಹೆಚ್ಚುತ್ತದೆ. ಕಣ್ಣಿಗೆ ಪೊರೆ ಬಂದವರಲ್ಲಿ ಇನ್ನೂ ಹೆಚ್ಚು. ಇಪ್ಪತ್ತರ ಯುವಕನಿಗೆ ಕೇವಲ ಕಿರಿಕಿರಿಯಾಗುವ ಬೆಳಕು ಅರವತ್ತರ ಹಿರಿಯರಿಗೆ ಅಪಾಯಕರವಾಗಬಲ್ಲದು.

ನಾಭಿಯೂ ತಂತುವೂ

ಮೊದಮೊದಲ ಮೋಟಾರುಗಳಲ್ಲಿ ಕಾರ್ಬೈಡಿಗೆ ನೀರು ತೊಟ್ಟಿಕ್ಕಿಸಿ ಅಸಿಟಿಲೀನ್ ಅನಿಲವನ್ನು ಉರಿಸುತ್ತಿದ್ದರು. 1912ರಲ್ಲಿ ಕ್ಯಾಡಿಲಾಕ್ ಕಾರುಗಳು ವಿದ್ಯುತ್ ದೀಪಗಳೊಡನೆ ಹೊರಬಂದವು. 1962ರಲ್ಲಿ ಹ್ಯಾಲೊಜೆನ್ ಬಲ್ಬು ಕಾರುಗಳಿಗೆ ಬಂದಿತು. 1971ರಲ್ಲಿ ಎರಡು ತಂತುಗಳುಳ್ಳ ಎಚ್-4 ಎಂಬ ಹ್ಯಾಲೊಜೆನ್ ಬಲ್ಬು ಬಂದಿತು. ನಮ್ಮ ರಸ್ತೆಗಳಲ್ಲಿ ಅದು ಇಂದಿಗೂ ಅಸಂಖ್ಯ ವಾಹನಗಳಲ್ಲಿದೆ. 1991ರಲ್ಲಿ ಕ್ಸೆನಾನ್ ದೀಪಗಳೂ, 2007ರ ಸುಮಾರಿಗೆ ಎಲ್‌ಇಡಿ ಮುಂದೀಪಗಳೂ ಬಳಕೆಗೆ ಬಂದವು.

ಎಚ್-4 ಬಲ್ಬಿನ ರಚನೆ ವಿದ್ಯಾರ್ಥಿಗಳಿಗೆ ಒಂದು ಸೊಗಸಾದ ಪಾಠ. ಪರವಲಯಾಕಾರದ ನಿಮ್ನದರ್ಪಣದ ನಾಭಿಯಲ್ಲಿ ಬೆಳಕಿನ ಆಕರವನ್ನಿಟ್ಟರೆ ಪ್ರತಿಫಲಿತ ಕಿರಣಗಳು ಅಕ್ಷಕ್ಕೆ ಸಮಾಂತರವಾಗಿ ಹೊರಡುತ್ತವೆಂಬುದನ್ನು ನೀವು ಬಲ್ಲಿರಿ. ಹೈಬೀಮಿನ ತಂತು ಇರುವುದು ಈ ಸ್ಥಾನದಲ್ಲಿ. ಆದುದರಿಂದ ಅದರ ಬೆಳಕು ನೇರವಾಗಿ ಬಹುದೂರ ಹೋಗುತ್ತದೆ. ಡಿಮ್ ಬೆಳಕಿನ ತಂತುವನ್ನು ನಾಭಿಯಿಂದ ತುಸು ಮುಂದಕ್ಕೆ ಇಟ್ಟಿರುತ್ತಾರೆ. ಆಗ ದರ್ಪಣದ ಮೇಲರ್ಧದಿಂದ ಪ್ರತಿಫಲಿಸಿದ ಕಿರಣಗಳು ಅಕ್ಷದ ಕಡೆಗೆ, ಎಂದರೆ ಕೆಳಮುಖವಾಗಿ, ಬಾಗುತ್ತವೆ. ಕೆಳಗರ್ಧದಿಂದ ಪ್ರತಿಫಲಿಸುವ ಕಿರಣಗಳು ಮೇಲ್ಮುಖವಾಗಿ ಹೋಗಬೇಕಾಗುತ್ತದಷ್ಟೆ. ಅದನ್ನು ತಪ್ಪಿಸಲು ತಂತುವಿನ ಕೆಳಗೆ ಲೋಹದ ಪುಟ್ಟ ಬಟ್ಟಲೊಂದನ್ನು ಇರಿಸಿ, ಬೆಳಕು ದರ್ಪಣದ ಕೆಳಭಾಗವನ್ನು ಮುಟ್ಟದಂತೆ ತಡೆದಿರುತ್ತಾರೆ. ಹೀಗೆ ಬೆಳಕಿಗೂ ಕತ್ತಲೆಗೂ ನಡುವೆ ಸ್ಪಷ್ಟವಾದ ಗಡಿರೇಖೆ ಉಂಟಾಗುತ್ತದೆ. ಎಡಬದಿಯಲ್ಲಿ ಸಂಚರಿಸುವ ನಮ್ಮಂಥ ದೇಶಗಳಲ್ಲಿ ಈ ರೇಖೆ ಎಡಕ್ಕೆ ಸ್ವಲ್ಪ ಮೇಲೇರುತ್ತದೆ. ಎಡ ಅಂಚಿನ ಪಾದಚಾರಿ ಕಾಣಬೇಕು, ಬಲಗಡೆಯಿಂದ ಬರುವವರ ಕಣ್ಣು ಕುಕ್ಕಬಾರದು ಎಂಬುದೇ ಇದರ ಉದ್ದೇಶ.

ಒಂದು ಮಿಲಿಮೀಟರಿನ ತಪ್ಪು

ಇಷ್ಟು ಸೂಕ್ಷ್ಮವಾದ ಏರ್ಪಾಡಿನಲ್ಲಿ ಬೇರೊಂದು ಬಲ್ಬನ್ನು ತುರುಕಿದರೆ ಏನಾಗುತ್ತದೆ? ದರ್ಪಣದ ನಾಭಿದೂರ 25 ಮಿ.ಮೀ. ಎಂದಿಟ್ಟುಕೊಳ್ಳೋಣ. ಆಕರವು ತನ್ನ ಸ್ಥಾನದಿಂದ 1 ಮಿ.ಮೀ. ಕೆಳಕ್ಕೆ ಸರಿದರೆ ಕಿರಣಗಳು ಸುಮಾರು 25ಕ್ಕೆ 1ರ ಪ್ರಮಾಣದಲ್ಲಿ ಮೇಲಕ್ಕೆ ಓರೆಯಾಗುತ್ತವೆ. ಹಾಗೆಂದರೆ 50 ಮೀಟರು ದೂರದಲ್ಲಿ 2 ಮೀಟರು ಮೇಲಕ್ಕೆ! ದೀಪ ನೆಲದಿಂದ 65 ಸೆಂ.ಮೀ. ಎತ್ತರದಲ್ಲಿದ್ದು, ಮೊದಲು ಬೆಳಕಿನ ಗಡಿ 100ಕ್ಕೆ 1ರಂತೆ ಕೆಳಕ್ಕೆ ಬಾಗಿದ್ದಿತೆನ್ನಿ. ಆಗ 50 ಮೀಟರಿನಲ್ಲಿ ಆ ಗಡಿ ನೆಲದಿಂದ 15 ಸೆಂ.ಮೀ. ಎತ್ತರದಲ್ಲಿತ್ತು. ಈಗ ಅದು 215 ಸೆಂ.ಮೀ.ಗೆ ಏರುತ್ತದೆ. ಎದುರಿನ ಕಾರಿನ ಚಾಲಕನ ಕಣ್ಣು ಸುಮಾರು 115 ಸೆಂ.ಮೀ. ಎತ್ತರದಲ್ಲಿರುವುದರಿಂದ ಅವನು ಬೆಳಕಿನಲ್ಲಿ ಸಂಪೂರ್ಣವಾಗಿ ಮುಳುಗಿಹೋಗುತ್ತಾನೆ.

ಹ್ಯಾಲೊಜೆನ್ ದೀಪದ ಮನೆಗೆ ಎಲ್‌ಇಡಿ ಬಲ್ಬು ಹಾಕಿದಾಗ ಬರುವ ತೊಂದರೆ ಇದೇ. ತಂತುವು ತೆಳುವಾದ ಸುರುಳಿ. ಅದರ ಬೆಳಕು ಸುತ್ತಲೂ ಹರಡುತ್ತದೆ. ಎಲ್‌ಇಡಿ ಬಲ್ಬಿನಲ್ಲಿ ಬೆಳಗುವ ತುಣುಕುಗಳು ಸಾಮಾನ್ಯವಾಗಿ ಒಂದು ಪಟ್ಟಿಯ ಎರಡು ಮುಖಗಳಲ್ಲಿರುತ್ತವೆ. ಅವುಗಳ ಸ್ಥಾನವೂ ಗಾತ್ರವೂ ಬೆಳಕು ಹರಡುವ ರೀತಿಯೂ ಬೇರೆ. ಎಲ್‌ಇಡಿಗಾಗಿಯೇ ವಿನ್ಯಾಸಗೊಳಿಸಿದ ಮುಂದೀಪವು ಉತ್ತಮವಾದುದೇ. ದೋಷವಿರುವುದು ಎಲ್‌ಇಡಿಯಲ್ಲಲ್ಲ, ಒಂದಕ್ಕಾಗಿ ಕೊರೆದ ದರ್ಪಣದಲ್ಲಿ ಇನ್ನೊಂದನ್ನು ಇಡುವುದರಲ್ಲಿದೆ.

ವಾಟ್ ಹೆಚ್ಚಿಸಿದರೆ?

60 ವಾಟಿನ ಬದಲು 100 ವಾಟಿನ ಬಲ್ಬನ್ನು ಹಾಕುವ ರೂಢಿಯೂ ಉಂಟು. ವಿಲೋಮ ವರ್ಗ ನಿಯಮದಂತೆ, ದೂರ ಇಮ್ಮಡಿಯಾದರೆ ವಸ್ತುವಿನ ಮೇಲೆ ಬೀಳುವ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಬೆಳಕು 1.67 ಪಟ್ಟು ಹೆಚ್ಚಿತೆಂದು ಹಿಡಿದರೂ, ಅದೇ ಪ್ರಮಾಣದ ಬೆಳಕು ತಲಪುವ ದೂರ ಹೆಚ್ಚುವುದು 1.67ರ ವರ್ಗಮೂಲದಷ್ಟು, ಎಂದರೆ 1.29 ಪಟ್ಟು ಮಾತ್ರ. 100 ಮೀಟರು ಇದ್ದುದು 129 ಆಗುತ್ತದೆ. ಆದರೆ ಎದುರಿನವರ ಕಣ್ಣಿಗೆ ಬೀಳುವ ಬೆಳಕು ಪೂರ್ತಿ 1.67 ಪಟ್ಟಾಗುತ್ತದೆ. ಲಾಭಕ್ಕೆ ವರ್ಗಮೂಲ, ಹಾನಿಗೆ ಪೂರ್ಣ ಪ್ರಮಾಣ!

ಇಷ್ಟೇ ಅಲ್ಲ. 12 ವೋಲ್ಟಿನಲ್ಲಿ 60 ವಾಟಿನ ಬಲ್ಬು 5 ಆಂಪಿಯರ್ ಪ್ರವಾಹವನ್ನು ಎಳೆಯುತ್ತದೆ. 100 ವಾಟಿನದು ಸುಮಾರು 8.3 ಆಂಪಿಯರ್. ತಂತಿಯಲ್ಲಿ ಹುಟ್ಟುವ ಶಾಖ ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ ಅದು 2.8 ಪಟ್ಟಾಗುತ್ತದೆ. ಬಲ್ಬಿನ ಹೋಲ್ಡರು ಕರಗುವುದು, ತಂತಿಯ ಹೊದಿಕೆ ಸುಡುವುದು, ಕೊನೆಗೆ ಬೆಂಕಿ ಹೊತ್ತಿಕೊಳ್ಳುವುದು ಇದರಿಂದ ಆಗಬಹುದಾದ ಪರಿಣಾಮಗಳು.

ನಿಜವಾದ ಸುಧಾರಣೆ ಯಾವುದು?

ಹಳೆಯ ಕಾರಿನ ಬೆಳಕು ಮಂದವಾಗಿದ್ದರೆ ಮೊದಲು ಪರೀಕ್ಷಿಸಬೇಕಾದುದು ಬಲ್ಬಿಗೆ ತಲಪುತ್ತಿರುವ ವೋಲ್ಟೇಜನ್ನು. ಸಣ್ಣ ತಂತಿ, ಸವೆದ ಸ್ವಿಚ್ಚು, ತುಕ್ಕು ಹಿಡಿದ ಜೋಡಣೆ, ಇವೆಲ್ಲವೂ ವೋಲ್ಟೇಜನ್ನು ಕಬಳಿಸುತ್ತವೆ. ತಂತುದೀಪದ ಬೆಳಕು ವೋಲ್ಟೇಜಿನ ಸುಮಾರು 3.4ನೆಯ ಘಾತಕ್ಕೆ ಅನುಗುಣವಾಗಿ ಬದಲಾಗುತ್ತದೆ. ಆದುದರಿಂದ ನೂರಕ್ಕೆ ಹತ್ತರಷ್ಟು ವೋಲ್ಟೇಜು ಕುಸಿದರೆ ಬೆಳಕಿನಲ್ಲಿ ನೂರಕ್ಕೆ ಮೂವತ್ತರಷ್ಟು ನಷ್ಟವಾಗುತ್ತದೆ. ಬ್ಯಾಟರಿಯಿಂದ ದಪ್ಪ ತಂತಿಯನ್ನು ಎಳೆದು, ತಕ್ಕ ಫ್ಯೂಸನ್ನೂ ರಿಲೇಯನ್ನೂ ಅಳವಡಿಸಿದರೆ ಅದೇ 60 ವಾಟಿನ ಬಲ್ಬು ಕಳೆದುಕೊಂಡ ಬೆಳಕನ್ನು ಮರಳಿ ಕೊಡುತ್ತದೆ. ಮಬ್ಬಾದ ಪ್ಲಾಸ್ಟಿಕ್ ಮುಖವನ್ನು ಉಜ್ಜಿ ಹೊಳಪು ಮಾಡಿಸುವುದು, ಕಾಂತಿಗೆಟ್ಟ ದರ್ಪಣವನ್ನು ಬದಲಿಸುವುದು, ಧೂಳನ್ನು ಒರೆಸುವುದು, ಇವೂ ಇದೇ ವರ್ಗದ ಸುಧಾರಣೆಗಳು. ಕೊಳೆಯಾದ ಗಾಜು ಬೆಳಕನ್ನು ತಡೆಯುವುದಲ್ಲದೆ ಅಡ್ಡಾದಿಡ್ಡಿಯಾಗಿ ಚದುರಿಸಿ ಎದುರಿನವರ ಕಣ್ಣಿಗೂ ಎಸೆಯುತ್ತದೆ.

ಹಳದಿ ಬೆಳಕು ಮಂಜನ್ನು ಸೀಳುತ್ತದೆಂಬ ನಂಬಿಕೆಯ ಬಗ್ಗೆ ಒಂದು ಮಾತು. ಆಕಾಶಕ್ಕೆ ನೀಲಿ ಬಣ್ಣ ಬರುವುದು ಗಾಳಿಯ ಅಣುಗಳು ನೀಲಿಯನ್ನು ಹೆಚ್ಚಾಗಿ ಚದುರಿಸುವುದರಿಂದ. ಮಂಜಿನ ಹನಿಗಳಾದರೋ ಬೆಳಕಿನ ತರಂಗದೂರಕ್ಕಿಂತ ಹಲವು ಪಟ್ಟು ದೊಡ್ಡವು. ಅವು ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಸಮನಾಗಿ ಚದುರಿಸುತ್ತವೆ. ಮಡಿಕೇರಿಯ ಮಂಜಿನಲ್ಲಿ ನೆರವಾಗುವುದು ಬಣ್ಣಕ್ಕಿಂತ ಹೆಚ್ಚಾಗಿ ದೀಪದ ಸ್ಥಾನ. ತಗ್ಗಿನಲ್ಲಿದ್ದು ಅಗಲವಾಗಿ ನೆಲಕ್ಕೆ ಬೆಳಕು ಚೆಲ್ಲುವ ದೀಪದಿಂದ ಚಾಲಕನ ಕಣ್ಣಿಗೆ ಹಿಂದಿರುಗುವ ಬೆಳಕು ಕಡಿಮೆ. ಮಂಜಿನಲ್ಲಿ ಹೈಬೀಮು ಹಾಕಿದರೆ ಮುಂದೆ ಬಿಳಿಯ ಗೋಡೆ ಎದ್ದಂತಾಗುತ್ತದೆ.

ಗೋಡೆಯ ಮುಂದೆ ಒಂದು ಪ್ರಯೋಗ

ದೀಪಗಳ ಓರೆಯನ್ನು ನೀವೇ ಪರೀಕ್ಷಿಸಬಹುದು. ಚಕ್ರಗಳಿಗೆ ಸರಿಯಾದ ಗಾಳಿ ತುಂಬಿಸಿ, ಚಾಲಕನ ಸ್ಥಾನದಲ್ಲಿ ಒಬ್ಬರನ್ನು ಕೂರಿಸಿ, ಸಮತಟ್ಟಾದ ನೆಲದಲ್ಲಿ ಕಾರನ್ನು ಗೋಡೆಗೆ ಎದುರಾಗಿ 10 ಮೀಟರು ದೂರದಲ್ಲಿ ನಿಲ್ಲಿಸಿ. ದೀಪದ ನಡುಬಿಂದುವಿನ ಎತ್ತರವನ್ನು ಅಳೆದು ಅಷ್ಟೇ ಎತ್ತರದಲ್ಲಿ ಗೋಡೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಡಿಮ್ ಬೆಳಕಿನ ಗಡಿಯ ಸಮತಲ ಭಾಗವು ಆ ಗೆರೆಯಿಂದ ಸುಮಾರು 10 ಸೆಂ.ಮೀ. ಕೆಳಗೆ ಬೀಳಬೇಕು. ನಿಮ್ಮ ಕಾರಿನ ಕೈಪಿಡಿಯಲ್ಲಿ ಬೇರೆ ಅಳತೆ ಇದ್ದರೆ ಅದನ್ನೇ ಅನುಸರಿಸತಕ್ಕದ್ದು.

ಬಳಿಕ ಡಿಕ್ಕಿಯಲ್ಲಿ ಭಾರವನ್ನಿಟ್ಟು ನೋಡಿ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಣ ಅಂತರ 2.5 ಮೀಟರು ಇದ್ದು, ಹಿಂಭಾಗ 5 ಸೆಂ.ಮೀ. ಕುಸಿದರೆ ಕಾರು 100ಕ್ಕೆ 2ರಂತೆ ಮೇಲ್ಮುಖವಾಗುತ್ತದೆ. 100ಕ್ಕೆ 1ರಂತೆ ಕೆಳಗಿದ್ದ ಬೆಳಕು ಈಗ 100ಕ್ಕೆ 1ರಂತೆ ಮೇಲಕ್ಕೆ ಹೋಗುತ್ತದೆ. 50 ಮೀಟರಿನಲ್ಲಿ ಅದರ ಎತ್ತರ 115 ಸೆಂ.ಮೀ.; ಎದುರಿನವರ ಕಣ್ಣಿಗೆ ಸರಿಯಾಗಿ! ಮದುವೆ ದಿಬ್ಬಣದ ಸಾಮಾನು ಹೇರಿಕೊಂಡು ಹೊರಟ ಕಾರು, ಡಿಮ್ ಮಾಡಿದ್ದರೂ ಕಣ್ಣು ಕುಕ್ಕುವುದು ಹೀಗೆ. ಅನೇಕ ಕಾರುಗಳಲ್ಲಿ ದೀಪವನ್ನು ತಗ್ಗಿಸುವ ಗುಂಡಿಯೊಂದು ಇರುತ್ತದೆ. ಅದನ್ನು ಬಳಸುವವರು ವಿರಳ.

ಬೆಳಕಿನೊಳಗೆ ನಿಲ್ಲಬಲ್ಲ ವೇಗ

65 ಸೆಂ.ಮೀ. ಎತ್ತರದ ದೀಪದ ಡಿಮ್ ಬೆಳಕು 100ಕ್ಕೆ 1ರ ಓರೆಯಲ್ಲಿ 65 ಮೀಟರು ದೂರದಲ್ಲಿ ನೆಲವನ್ನು ಮುಟ್ಟುತ್ತದೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ, ಎಂದರೆ ಸೆಕೆಂಡಿಗೆ 22 ಮೀಟರಿನಂತೆ, ಸಾಗುವ ಚಾಲಕನು ಅಡಚಣೆಯನ್ನು ಕಂಡು ಬ್ರೇಕು ಒತ್ತಲು 1 ಸೆಕೆಂಡು ತೆಗೆದುಕೊಂಡರೆ ಆಗಲೇ 22 ಮೀಟರು ಕಳೆದಿರುತ್ತದೆ. ಬ್ರೇಕಿನ ವೇಗಾಪಕರ್ಷ ಸೆಕೆಂಡಿನ ವರ್ಗಕ್ಕೆ 6 ಮೀಟರು ಎಂದಿಟ್ಟುಕೊಂಡರೆ ನಿಲ್ಲಲು ಇನ್ನೂ 41 ಮೀಟರು ಬೇಕು. ಒಟ್ಟು 63 ಮೀಟರು. ಕಪ್ಪು ಕಂಬಳಿ ಹೊದ್ದ ದಾರಿಹೋಕನು 65 ಮೀಟರಿಗಿಂತ ಬಹಳ ಹತ್ತಿರಕ್ಕೆ ಬಂದಾಗಲೇ ಕಾಣಿಸುವುದು. ಆದುದರಿಂದ ಡಿಮ್ ಬೆಳಕಿನಲ್ಲಿ ಚಲಿಸುವಾಗ ಹೆಚ್ಚಿಸಬೇಕಾದುದು ದೀಪವನ್ನಲ್ಲ, ತಗ್ಗಿಸಬೇಕಾದುದು ವೇಗವನ್ನು.

ಒಬ್ಬರಿಂದಲೇ ಆಗದ ಕೆಲಸ

ಅಮೆರಿಕದ ಎಡ್ವಿನ್ ಲ್ಯಾಂಡ್ ಎಂಬವರು ಪೋಲರಾಯ್ಡ್ ಹಾಳೆಯನ್ನು ರೂಪಿಸಲು ಹೊರಟಾಗ ಅವರ ಮನಸ್ಸಿನಲ್ಲಿದ್ದ ಉದ್ದೇಶಗಳಲ್ಲಿ ಮುಖ್ಯವಾದುದು ಮುಂದೀಪಗಳ ಕುಕ್ಕನ್ನು ನಿವಾರಿಸುವುದು. ಎಲ್ಲ ಕಾರುಗಳ ದೀಪಕ್ಕೂ ಚಾಲಕನ ಮುಂದಿನ ಪರದೆಗೂ ಒಂದೇ ಕಡೆಗೆ 45 ಡಿಗ್ರಿ ಓರೆಯಾಗಿ ಈ ಹಾಳೆಯನ್ನು ಅಳವಡಿಸಿದರೆಂದು ಭಾವಿಸಿ. ಎದುರುಬದುರಾದಾಗ ಒಂದು ಕಾರಿನ ದೀಪದ ಹಾಳೆಯೂ ಮತ್ತೊಂದರ ಪರದೆಯೂ ಪರಸ್ಪರ ಲಂಬವಾಗುತ್ತವೆ. ಎದುರಿನ ಬೆಳಕು ನಂದಿದಂತೆ ಕಾಣುತ್ತದೆ. ಆದರೆ ಹಾಳೆಗಳು ಅರ್ಧಕ್ಕಿಂತ ಹೆಚ್ಚು ಬೆಳಕನ್ನು ನುಂಗುತ್ತವೆ. ಅಲ್ಲದೆ, ಎಲ್ಲ ವಾಹನಗಳಿಗೂ ಒಟ್ಟಿಗೆ ಅಳವಡಿಸಿದ ಹೊರತು ಪ್ರಯೋಜನವಿಲ್ಲ. ಆದುದರಿಂದ ಈ ಯೋಜನೆ ರಸ್ತೆಗೆ ಇಳಿಯಲಿಲ್ಲ.

ಆ ಹಾಳೆ ಮಾಡಬೇಕಾಗಿದ್ದ ಕೆಲಸವನ್ನು ಇಂದು ಚಾಲಕನ ಬೆರಳೇ ಮಾಡಬೇಕಾಗಿದೆ. ಗಂಟೆಗೆ 60 ಕಿ.ಮೀ. ವೇಗದ ಎರಡು ಕಾರುಗಳು ಎದುರುಬದುರಾದರೆ ನಡುವಣ 200 ಮೀಟರು 6 ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಎದುರಿನವರು ಡಿಮ್ ಮಾಡಲೆಂದು ಕಾಯದೆ ನಾವೇ ಮೊದಲು ಮಾಡಬೇಕು. ಮುಂದೆ ಹೋಗುವ ವಾಹನವನ್ನು ಹಿಂಬಾಲಿಸುವಾಗಲೂ ಮಾಡಬೇಕು; ಅದರ ಕನ್ನಡಿ ನಮ್ಮ ಬೆಳಕನ್ನು ಚಾಲಕನ ಕಣ್ಣಿಗೇ ತಿರುಗಿಸುತ್ತದೆ. ಎದುರಿನವರು ಡಿಮ್ ಮಾಡದಿದ್ದರೆ ಸೇಡಿಗಾಗಿ ಹೈಬೀಮು ಹಾಕುವುದು ಅವಿವೇಕ. ಆಗ ಒಬ್ಬ ಕುರುಡನ ಬದಲು ಇಬ್ಬರು ಕುರುಡರು ಒಂದೇ ರಸ್ತೆಯಲ್ಲಿ ಎದುರಾಗುತ್ತಾರೆ, ನಡುವೆ ಕಬ್ಬಿನ ಗಾಡಿಯವನು ಇರುತ್ತಾನೆ.

ಅಭ್ಯಾಸಕ್ಕೆ

1. ಮುಂದೀಪ ನೆಲದಿಂದ 80 ಸೆಂ.ಮೀ. ಎತ್ತರದಲ್ಲಿದ್ದು 100ಕ್ಕೆ 1ರಂತೆ ಓರೆಯಾಗಿದ್ದರೆ ಬೆಳಕು ನೆಲವನ್ನು ಎಷ್ಟು ದೂರದಲ್ಲಿ ಮುಟ್ಟುತ್ತದೆ? (ಉತ್ತರ: 80 ಮೀ.)

2. ಮೇಲಿನ ಲೆಕ್ಕದ ಬ್ರೇಕಿನಿಂದ ಗಂಟೆಗೆ 100 ಕಿ.ಮೀ. ವೇಗದ ಕಾರು ನಿಲ್ಲಲು ಬೇಕಾಗುವ ಒಟ್ಟು ದೂರವೆಷ್ಟು? ಮೊದಲನೆಯ ಪ್ರಶ್ನೆಯ ಕಾರು ತನ್ನ ಬೆಳಕಿನೊಳಗೆ ನಿಲ್ಲಬಲ್ಲದೆ? (ಉತ್ತರ: ಸುಮಾರು 92 ಮೀ.; ನಿಲ್ಲಲಾರದು.)