ಮೊದಲು ಕಾಲು, ಆಮೇಲೆ ಕೋಲು

ಪ್ರಾಥಮಿಕ ಶಾಲೆಯಲ್ಲಿ ಕುಣಿತ ಎಂದರೆ ವಾರ್ಷಿಕೋತ್ಸವ ಹತ್ತಿರ ಬಂದಾಗ ಶುರುವಾಗುವ ಗಡಿಬಿಡಿ ಎಂದೇ ಹೆಚ್ಚಿನವರ ಲೆಕ್ಕ. ಚಿಕ್ಕ ಮಕ್ಕಳಿಗೆ ವರ್ಷವಿಡೀ ಕೋಲಾಟ ಕಲಿಸುತ್ತ ಬಂದವಳಿಗೆ ಅದು ಮೈ ಪಳಗಿಸುವ ಪಾಠ. ನಾನು ಕಂಡುಕೊಂಡದ್ದು ಇಷ್ಟು.

1. ಕುಂಟೆಬಿಲ್ಲೆಯಿಂದ ಶುರುಮಾಡಿ. ಒಂದನೇ ತರಗತಿಯ ಮಗು ಎರಡೂ ಕಾಲು ಜೋಡಿಸಿ ಹಾರುತ್ತದೆ, ಒಂಟಿಗಾಲಲ್ಲಿ ಕುಪ್ಪಳಿಸುತ್ತದೆ. ಎಡಗಾಲು ಬಲಗಾಲು ಬದಲಿಸುತ್ತ ಕುಪ್ಪಳಿಸಿ ಓಡುವುದು ಮಾತ್ರ ಹಲವರಿಗೆ ಆರು ತುಂಬಿದ ಮೇಲೆಯೇ ಕೈಗೂಡುವುದು. ಅಲ್ಲಿಯವರೆಗೆ ಕೋಲು ಕಪಾಟಿನಲ್ಲಿರಲಿ.

2. ಕೈ ಮೈಯ ನಡುಗೆರೆ ದಾಟಲಿ. ಬಲಗೈ ಕೋಲನ್ನು ಎಡಗಡೆಯವರ ಕೋಲಿಗೆ ತಾಗಿಸು ಎಂದರೆ ಚಿಕ್ಕ ಮಗು ಕೈ ಮಾತ್ರ ಚಾಚುವುದಿಲ್ಲ. ಸೊಂಟ, ಪಾದ ಸಮೇತ ಇಡೀ ಮೈ ತಿರುಗಿಸುತ್ತದೆ, ಸಾಲು ಕೆಡುತ್ತದೆ. ಗದರಬೇಡಿ. ಎದುರುಬದುರು ನಿಲ್ಲಿಸಿ ಅಡ್ಡ ಚಪ್ಪಾಳೆ ಹೊಡೆಸಿ: ನನ್ನ ಬಲಗೈಗೆ ನಿನ್ನ ಬಲಗೈ, ಎಡಗೈಗೆ ಎಡಗೈ. ಪಾದ ಕದಲದೆ ಇದು ಬಂದ ಮೇಲೆ ಕೋಲು ಕೊಡಿ. ಮೊಣಕೈಯಿಂದ ಬೆರಳ ತುದಿವರೆಗಿನ ಉದ್ದ ಸಾಕು. ದೊಡ್ಡವರ ಕೋಲು ಹಿಡಿಸಿದರೆ ಮಣಿಕಟ್ಟು ಸೋಲುತ್ತದೆ, ಪೆಟ್ಟು ಪಕ್ಕದವರ ಬೆರಳಿಗೆ ಬೀಳುತ್ತದೆ.

3. ನಿಧಾನವೆಂದರೆ ಸುಲಭವಲ್ಲ. ಹೆಜ್ಜೆ ನಿಧಾನವಾದಷ್ಟೂ ಒಂಟಿಗಾಲಲ್ಲಿ ನಿಲ್ಲುವ ಹೊತ್ತು ಹೆಚ್ಚುತ್ತದೆ, ಮಗು ವಾಲುತ್ತದೆ. ಭರತನಾಟ್ಯದಲ್ಲಿ ಒಂದೇ ಅಡವನ್ನು ಮೂರು ಕಾಲಗಳಲ್ಲಿ ಮಾಡಿಸುತ್ತಾರೆ. ಆ ಪದ್ಧತಿ ಕೋಲಾಟಕ್ಕೂ ಒಗ್ಗುತ್ತದೆ. ಆದರೆ ಮಗುವಿನ ನಡಿಗೆಯ ಲಯದಿಂದ ಹೊರಡಿ, ಆಮೇಲೆ ನಿಧಾನಿಸಿ, ಕೊನೆಗೆ ವೇಗ ಹೆಚ್ಚಿಸಿ.

4. ಎಳೆ ಮೂಳೆಯೆಂಬುದು ನೆನಪಿರಲಿ. ಈ ವಯಸ್ಸಿನಲ್ಲಿ ಉದ್ದ ಮೂಳೆಗಳ ತುದಿಯ ಬಳಿ ಇನ್ನೂ ಬೆಳೆಯುತ್ತಿರುವ ಮೃದ್ವಸ್ಥಿ ಇರುತ್ತದೆ. ಮಂಡಿ ಬಾಗಿಸಿದ ಅರಮಂಡಿ ಭಂಗಿಯಲ್ಲಿ ಹೊತ್ತುಗಟ್ಟಲೆ ನಿಲ್ಲಿಸುವುದು, ಸಿಮೆಂಟಿನ ಮೇಲೆ ಮತ್ತೆ ಮತ್ತೆ ಜಿಗಿಸುವುದು ಬೇಡ. ಕಲ್ಲು ಆರಿಸಿದ ಮಣ್ಣಿನಂಗಳವೇ ಒಳ್ಳೆಯದು.

5. ಹಿಂದಿನ ಸಾಲು ಇಲ್ಲದ ಕುಣಿತ ಆರಿಸಿ. ಹೆಜ್ಜೆ ತಪ್ಪುವ ಮಗುವನ್ನು ಹಿಂದಕ್ಕೆ ತಳ್ಳುವುದು ಹಳೇ ಚಾಳಿ. ನಾಲ್ಕು, ಐದನೇ ತರಗತಿಯವರಿಗೆ ಜಡೆ ಕೋಲಾಟ ಕಲಿಸಿದರೆ ಅದು ನಡೆಯುವುದಿಲ್ಲ. ಮೇಲಿನಿಂದ ಇಳಿಬಿಟ್ಟ ಒಂದೊಂದು ಹಗ್ಗಕ್ಕೂ ಒಂದೊಂದು ಮಗು. ಒಬ್ಬರ ಒಳಗಡೆಯಿಂದ ಹಾದರೆ ಮುಂದಿನವರ ಹೊರಗಡೆಯಿಂದ. ಯಾರೋ ದಾರಿ ತಪ್ಪಿದರೆ ಹೆಣಿಗೆಯೇ ಹೇಳುತ್ತದೆ, ಮಕ್ಕಳೇ ಅದನ್ನು ಹುಡುಕಿ ಸರಿಮಾಡುತ್ತಾರೆ. ಜಡೆ ಬಿಚ್ಚಲು ಬಂದ ದಾರಿಯಲ್ಲೇ ತಿರುಗಿ ಹೋಗಬೇಕು. ಕಾಲು, ಕಣ್ಣು, ನೆನಪು ಮೂರೂ ಒಟ್ಟಿಗೆ ದುಡಿಯುತ್ತವೆ.

6. ಕುಣಿತವೊಂದೇ ಸಾಲದು. ಸಮತೋಲ, ನೆಗೆತ, ಲಯ ಕುಣಿತದಿಂದ ಬರುತ್ತವೆ. ಚೆಂಡು ಎಸೆಯುವುದು, ಹಿಡಿಯುವುದು ಬರುವುದಿಲ್ಲ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಚುರುಕಾದ ದೈಹಿಕ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. ಕುಣಿತ ಅದರಲ್ಲೊಂದು ಪಾಲು, ಆಟದ ಪೀರಿಯಡ್ಡಿಗೆ ಬದಲಿಯಲ್ಲ.

7. ತಂಡ ಬೇರೆ, ತರಗತಿ ಬೇರೆ. ಪ್ರತಿಭಾ ಕಾರಂಜಿ ಸ್ಪರ್ಧೆಗೆ ಚೆನ್ನಾಗಿ ಕುಣಿಯುವವರನ್ನೇ ಆರಿಸಿ ಕಳುಹಿಸಿ, ಅಡ್ಡಿಯಿಲ್ಲ. ವಾರದ ಕುಣಿತದ ಪೀರಿಯಡ್ಡು ಮಾತ್ರ ಎಲ್ಲ ಮಕ್ಕಳದ್ದು. ಪರೀಕ್ಷೆ ಬಂತೆಂದು ಅದನ್ನು ಗಣಿತಕ್ಕೆ ಬಿಟ್ಟುಕೊಡಬೇಡಿ.